ಪೇಪರಿನ ಕುಂಡ, ಮುಳಗಾಯಿ ಸಸಿ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಾಶಿಯಲ್ಲಿ ಓದುತ್ತಿದ್ದೆ. ವಿಷಯ ಕೃಷಿ, ಅದರಲ್ಲೂ ಮಣ್ಣು. ಹಾಸ್ಟೆಲಿನಲ್ಲಿ ಜಾಗ ಸಿಗದ್ದರಿಂದ ಬಂಗಾಲಿ ಟೋಲಾದ ಗಲ್ಲಿಯೊಂದರಲ್ಲಿ ನಮ್ಮ ಕಡೆಯವರದೇ ಆದ ಒಂದು ಮಠದಲ್ಲಿ ಉಳಿದುಕೊಂಡಿದ್ದೆ. ಬೆಳಿಗ್ಗೆ ಸೈಕಲ್ ಹತ್ತಿ ವಿಶ್ವವಿದ್ಯಾಲಯವಿರುವ ಲಂಕಾ ಎಂಬ ಬಡಾವಣೆಗೆ ಹೋಗುವುದು, ಸಂಜೆ ಹಿಂತಿರುಗುವುದು. ಮಠದಲ್ಲಿ ಎರಡು ಹೊತ್ತು ಊಟ. ಅದಕ್ಕೆ ಬದಲಾಗಿ ಗೋಶಾಲೆಯ ಸೆಗಣಿ ಬಾಚಿ ಒಂದು ಕಡೆ ಹಾಕುವ ಕೆಲಸ ನನ್ನದು.

ಮಠದ ಎರಡನೇ ಅಂತಸ್ತಿನಲ್ಲಿ, ಒಳಗಿನ ಅಂಗಳದ ಮೇಲೆ ಬಾಗಿದಂತಿದ್ದ ಪಡಸಾಲೆಯ ಪಕ್ಕದ ಕೋಣೆಯಲ್ಲಿ, ಗದಗದ ಆಚೆಯ ಹಳ್ಳಿಯ ಒಬ್ಬ ವಿಧವೆ ಇದ್ದಳು. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದವಳು. ಬಂದ ಹೊಸದರಲ್ಲಿ ಗಂಗೆಯಲ್ಲಿ ನಿಂತು ಮುಳಗಾಯಿ ಬಿಟ್ಟಿದ್ದಳು. ಬದನೆಗೆ ನಮ್ಮ ಕಡೆ ಮುಳಗಾಯಿ ಅನ್ನುತ್ತಾರೆ. ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ಕಾಯಿ, ಒಂದು ಹಣ್ಣು ಬಿಡುವುದು ರೂಢಿ. ಬಹಳ ಮಂದಿ ತಮಗೆ ಮೊದಲೇ ಸೇರದ ಹಾಗಲಕಾಯಿಯನ್ನೋ ಸಿಗದೇ ಇರುವ ಹಣ್ಣನ್ನೋ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಾರೆ. ಆಯಿ ಹಾಗೆ ಮಾಡಿರಲಿಲ್ಲ.

ಒಂದು ದಿನ ಆಕೆ ನನ್ನನ್ನು ಕರೆದು ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತೆಗೆದಳು. ಒಳಗೆ ಬೂದಿ, ಬೂದಿಯೊಳಗೆ ಬೀಜ.

“ಇದು ನಮ್ಮೂರ ಮುಳಗಾಯಿ ಬೀಜ ತಮ್ಮಾ. ಸಣ್ಣ ಕಾಯಿ, ಮೈಮ್ಯಾಲೆ ಬಿಳೇ ಗೆರಿ, ತೊಟ್ಟಿಗೆ ಮುಳ್ಳು. ಬರೂವಾಗ ಯಾಕ ತಂದ್ನೋ ಗೊತ್ತಿಲ್ಲ. ಸೊಸಿ ಪ್ಯಾಟ್ಯಾಗ ಬೀಜ ತರ್ತಾಳ, ಆಕಿಗೆ ಇದು ಬ್ಯಾಡ. ಇಲ್ಲೇ ಇಟ್ರ ಮುಂದಿನ ವರ್ಷಕ್ಕ ಹುಟ್ಟಂಗಿಲ್ಲ.”

“ನೀವು ಮುಳಗಾಯಿ ಬಿಟ್ಟೀರಲ್ಲ?”

“ತಿನ್ನೂದು ಬಿಟ್ಟೀನಿ. ಬೀಜ ಸಾಯಿಸ್ತೀನಿ ಅಂತ ಹೇಳಿಲ್ಲ.”

ಮಠದಲ್ಲಿ ಮಣ್ಣಿನ ನೆಲ ಒಂದು ಗೇಣೂ ಇರಲಿಲ್ಲ. ಅಂಗಳವೆಲ್ಲ ಕಲ್ಲು, ಮಾಳಿಗೆಯೆಲ್ಲ ಗಚ್ಚು. ಕುಂಡಗಳಲ್ಲಿ ಸಸಿ ಎಬ್ಬಿಸಿ ಹೊರಗೆ ಯಾರಿಗಾದರೂ ಕೊಡಬೇಕು, ಬೇರೆ ದಾರಿ ಇರಲಿಲ್ಲ. ಚಹದಂಗಡಿಗಳ ಮುಂದೆ ಕುಡಿದು ಎಸೆದ ಮಣ್ಣಿನ ಕುಲ್ಹಡ್‌ಗಳು ರಾಶಿ ಬಿದ್ದಿರುತ್ತವೆ, ಅವನ್ನೇ ಆರಿಸಿ ತರುತ್ತೇನೆ ಎಂದೆ. ಆಯಿ ಮುಖ ಸಿಂಡರಿಸಿದಳು.

“ಊರ ಮಂದಿ ಎಂಜಲಾ ಮಠದೊಳಗ ತರ್ತೀಯೇನು?”

ಅದು ಅಲ್ಲಿಗೇ ಮುಗಿಯಿತು. ಆ ವಾರ ಲಂಕಾದಲ್ಲಿ ಶೇಂಗಾ ಕೊಂಡಾಗ ಕೈಯಲ್ಲಿದ್ದ ಠೋಂಗಾ ನೋಡಿದೆ. ಹಳೇ ಪೇಪರ್ ಮಡಚಿ ಅಂಟು ಹಚ್ಚಿ ಮಾಡಿದ ಪೊಟ್ಟಣಕ್ಕೆ ಅಲ್ಲಿ ಠೋಂಗಾ ಅನ್ನುತ್ತಾರೆ. ಕಾಶಿಯಲ್ಲಿ ಉಪ್ಪಿನಿಂದ ಪ್ರಸಾದದವರೆಗೆ ಎಲ್ಲವೂ ಅದರಲ್ಲೇ ಬರುತ್ತಿತ್ತು. ಇದರಲ್ಲೇ ಮಣ್ಣು ತುಂಬಿದರೆ ಹೇಗೆ ಎನಿಸಿತು. ಸಸಿ ಬೆಳೆದ ಮೇಲೆ ಪೇಪರ್ ಸಮೇತ ನೆಲಕ್ಕಿಟ್ಟರೆ ಪೇಪರ್ ಕೊಳೆತು ಮಣ್ಣಾಗುತ್ತದೆ, ಬೇರಿಗೆ ಪೆಟ್ಟಾಗುವುದಿಲ್ಲ.

ಪೇಪರಿಗೆ ಮಠದ ಉಸ್ತುವಾರಿ ನೋಡುತ್ತಿದ್ದ ಹಿರಿಯ ಸ್ವಾಮಿಗಳನ್ನು ಕೇಳಬೇಕಾಗಿತ್ತು. ಮಠಕ್ಕೆ ಒಂದು ಹಿಂದಿ ಪೇಪರ್ ದಿನವೂ ಬರುತ್ತಿತ್ತು. ಒಂದು ಕನ್ನಡ ಪೇಪರ್ ಅಂಚೆಯಲ್ಲಿ ತಡವಾಗಿ, ಕೆಲವೊಮ್ಮೆ ಮೂರ್ನಾಲ್ಕು ದಿನದ್ದು ಒಟ್ಟಿಗೆ ಬರುತ್ತಿತ್ತು. ಕನ್ನಡ ಪೇಪರನ್ನು ಸ್ವಾಮಿಗಳು ಎಸೆಯುತ್ತಿರಲಿಲ್ಲ. ಕಪಾಟಿನ ಮೇಲೆ ತಾರೀಖಿನ ಪ್ರಕಾರ ಒಟ್ಟಿ ಇಡುತ್ತಿದ್ದರು, ಮಧ್ಯಾಹ್ನ ಊಟವಾದ ಮೇಲೆ ಹಳೆಯದನ್ನು ಮತ್ತೆ ಓದುತ್ತಿದ್ದರು.

“ಹಿಂದಿದು ಒಯ್ಯಿ” ಎಂದರು. “ಕನ್ನಡದ್ದು ಮುಟ್ಟಬ್ಯಾಡ.”

ನಂತರ ನನ್ನ ಜೊತೆ ಬಂದಿದ್ದ ಆಯಿಯ ಕಡೆ ತಿರುಗಿ, “ಕಾಶಿಗೆ ಬಂದ ಮೇಲೆ ಬೀಜ ಹಾಕಬಾರದು ಆಯಿ. ಬೀಜ ಹಾಕಿದವರಿಗೆ ಕಾಯಿ ನೋಡೋ ಆಸೆ ಹುಟ್ಟತದ” ಎಂದರು.

“ನೋಡೂ ಆಸೆ ಅಷ್ಟರೀ ಅಪ್ಪಾರ, ತಿನ್ನೂದಲ್ಲ” ಎಂದಳು ಆಯಿ.

ಮೊದಲ ಸಲ ನಾವು ಠೋಂಗಾದ ಹಾಗೆಯೇ ಮೈದಾ ಅಂಟು ಕುದಿಸಿ ಹಚ್ಚಿದೆವು. ರಾತ್ರಿ ಕಳೆಯುವುದರೊಳಗೆ ಜಿರಲೆ, ಇಲಿ ಸೇರಿ ಅಂಟಿದ್ದ ಕಡೆಯೆಲ್ಲ ಕಡಿದು ಹಾಕಿದ್ದವು. ಆಮೇಲೆ ಅಂಟು ಬಿಟ್ಟೆವು. ಪೇಪರಿನ ಪುಟವನ್ನು ಉದ್ದಕ್ಕೆ ಸೀಳಿ, ಎರಡು ಮಡಿಕೆ ಮಾಡಿ, ಒಂದು ಸ್ಟೀಲ್ ಲೋಟಕ್ಕೆ ಸುತ್ತುವುದು. ಲೋಟದ ತಳದಿಂದ ಮೂರು ಬೆರಳಷ್ಟು ಹೊರಗೆ ಬಿಟ್ಟು, ಆ ಭಾಗವನ್ನು ಒಳಕ್ಕೆ ಮಡಚಿ, ಲೋಟವನ್ನು ನೆಲಕ್ಕೆ ಒತ್ತಿ ತಿರುವುವುದು. ಲೋಟ ಎಳೆದರೆ ಕುಂಡ ನಿಲ್ಲುತ್ತದೆ. ಬಾಯಿಯ ಅಂಚನ್ನು ಒಳಗೆ ಮಡಚಿದರೆ ಬಿಚ್ಚಿಕೊಳ್ಳುವುದಿಲ್ಲ. ಮಣ್ಣು ತುಂಬಿ ಒಂದಕ್ಕೊಂದು ಒತ್ತಿ ನಿಲ್ಲಿಸಿದರೆ ಒಂದರ ಆಸರೆಗೆ ಇನ್ನೊಂದು. ಮಣ್ಣು ನಾನು ವಿಶ್ವವಿದ್ಯಾಲಯದ ನರ್ಸರಿಯಿಂದ ಚೀಲದಲ್ಲಿ ತರುತ್ತಿದ್ದೆ, ಗೊಬ್ಬರ ಗೋಶಾಲೆಯದು.

ಆಯಿಗೆ ಓದಲು ಬರುತ್ತಿರಲಿಲ್ಲ. ಆದರೂ ಪ್ರತಿ ಹಾಳೆಯನ್ನು ಸೀಳುವ ಮೊದಲು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ದೇವರ ಚಿತ್ರ ಇದ್ದ ಹಾಳೆ ಬಂದರೆ ಪಕ್ಕಕ್ಕಿಡುತ್ತಿದ್ದಳು. ಮಂತ್ರಿಗಳ ಚಿತ್ರಕ್ಕೆ ಆ ಮರ್ಯಾದೆ ಇರಲಿಲ್ಲ. ಒಂದೊಂದು ಕುಂಡದ ಹೊಟ್ಟೆಯ ಮೇಲೆ ಯಾರೋ ಕೈಮುಗಿದು ಓಟು ಕೇಳುತ್ತಿದ್ದರು.

ಕುಂಡಗಳನ್ನು ಮಾಳಿಗೆಯ ಮೇಲೆ ಸಾಲಾಗಿ ಇಟ್ಟೆವು. ಬೀಜ ಹುಟ್ಟುವ ಮೊದಲೇ ಕೋತಿಗಳು ಬಂದವು. ಯಾತ್ರಿಕರ ಕೈಯಿಂದ ಕಡಲೆ, ಶೇಂಗಾ ಕಿತ್ತುಕೊಂಡು ಬೆಳೆದ ಕಾಶಿಯ ಕೋತಿಗಳಿಗೆ ಪೇಪರ್ ಪೊಟ್ಟಣ ಕಂಡರೆ ಗೊತ್ತು, ಒಳಗೆ ತಿನ್ನುವುದು ಇರುತ್ತದೆ ಎಂದು. ಅವು ಒಂದೊಂದನ್ನೇ ಎತ್ತಿ, ಬಿಚ್ಚಿ, ಬೆರಳು ಹಾಕಿ ನೋಡಿ, ಮಣ್ಣು ಸಿಕ್ಕಾಗ ಕೋಪದಿಂದ ಕೆಳಗಿನ ಗಲ್ಲಿಗೆ ಎಸೆದವು. ಗಲ್ಲಿಯಲ್ಲಿ ಹೋಗುತ್ತಿದ್ದ ಪುರೋಹಿತರೊಬ್ಬರ ಹೆಗಲ ಮೇಲೆ ಒಂದು ಬಿತ್ತು. ಅವರು ಮೇಲೆ ನೋಡಿ ಬೈದರು. ಆಯಿ ಕೋಲು ಹಿಡಿದು ಮಾಳಿಗೆ ಹತ್ತುವುದರೊಳಗೆ ಎಲ್ಲ ಮುಗಿದಿತ್ತು.

ಅರ್ಧದಷ್ಟು ಬೀಜ ಹೋಯಿತು. ಆಯಿ ಚೆಲ್ಲಿದ ಮಣ್ಣನ್ನು ಗುಡಿಸಿ ಬುಟ್ಟಿಗೆ ತುಂಬಿದಳು. ಎರಡನೇ ಸಲ ಕುಂಡಗಳನ್ನು ಪಡಸಾಲೆಯಲ್ಲಿ, ಕಬ್ಬಿಣದ ಜಾಲಿಯ ಒಳಗೆ ಇಟ್ಟೆವು. ಅದು ಆಷಾಢ. ಮಳೆ ಹಿಡಿದಿತ್ತು, ಬಿಸಿಲಿರಲಿಲ್ಲ. ಪೇಪರಿನ ಮೈಮೇಲೆ ಬಿಳಿ ಬೂಷ್ಟು ಬಂತು. ನಾನು ಹೆದರಿದೆ. ಕುಂಡಗಳನ್ನು ಸ್ವಲ್ಪ ದೂರ ದೂರ ಸರಿಸಿ, ನೀರು ಕಡಿಮೆ ಮಾಡಿದೆವು. ಬೂಷ್ಟು ನಿಂತಿತು. ಸಸಿ ನಾಲ್ಕೆಲೆ ಆಯಿತು.

ಅದೇ ಮಳೆಗೆ ಸ್ವಾಮಿಗಳ ಕೋಣೆಯ ಸೂರು ಸೋರಿ ಕಪಾಟಿನ ಮೇಲಿನ ಕನ್ನಡ ಪೇಪರುಗಳು ತೊಯ್ದವು. ಅವರು ಅವನ್ನು ಹಗ್ಗದ ಮೇಲೆ ಬಟ್ಟೆಯ ಹಾಗೆ ಒಣಹಾಕಿದರು. ಒಣಗಿದ ಮೇಲೆ ಹಪ್ಪಳದಂತಾದ ಆ ಹಾಳೆಗಳನ್ನು ತಾವೇ ತಂದು ಆಯಿಯ ಮುಂದೆ ಇಟ್ಟರು.

“ನಿಮ್ಮ ಕೆಲಸಕ್ಕ ಬರ್ತಾವೇನು ನೋಡ್ರಿ” ಎಂದರು.

ಆದರೆ ಕೊಟ್ಟು ಹೋಗಲಿಲ್ಲ. ಪಕ್ಕದಲ್ಲಿ ಕೂತು, ಪ್ರತಿ ಹಾಳೆಯನ್ನೂ ಒಮ್ಮೆ ಓದಿ ಆಮೇಲೆ ಕೊಟ್ಟರು. ಆಯಿ ಕೈಚಾಚಿ ಕಾಯುತ್ತಿದ್ದಳು. ಹುಬ್ಬಳ್ಳಿಯ ಹತ್ತಿ ಧಾರಣೆ, ಎಲ್ಲೋ ತುಂಬಿದ ಕೆರೆ, ಯಾರದೋ ಮದುವೆ ಜಾಹೀರಾತು, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದರು. ಹೀಗಾಗಿ ಆಯಿಗೆ ಊರಿನ ಸುದ್ದಿ ಗೊತ್ತಾಯಿತು. ಎಲ್ಲವೂ ಹಳೆಯದು ಎಂಬುದನ್ನು ಆಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಸಿಗಳನ್ನು ಒಯ್ದವಳು ನಮ್ಮ ಗಲ್ಲಿಯ ಬಾಯಲ್ಲಿ ತರಕಾರಿ ಮಾರುತ್ತಿದ್ದ ಹೆಂಗಸು. ಅವಳ ಊರು ನದಿಯ ಆಚೆ ದಂಡೆಯಲ್ಲಿ. ಬೆಳಿಗ್ಗೆ ನಾವೆಯಲ್ಲಿ ಬುಟ್ಟಿ ಹೊತ್ತು ಬಂದು ಮಧ್ಯಾಹ್ನಕ್ಕೆ ಹಿಂತಿರುಗುತ್ತಿದ್ದಳು. ಅವಳದು ಭೋಜಪುರಿ, ಆಯಿಯದು ಗದಗ ಸೀಮೆಯ ಕನ್ನಡ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದರು, ಬೆರಳಿನಿಂದ ಬಹಳಷ್ಟು ಮುಗಿಯುತ್ತಿತ್ತು. ನಾನಿದ್ದರೆ ಹಿಂದಿಯಲ್ಲಿ ಸೇತುವೆಯಾಗುತ್ತಿದ್ದೆ. ಪೇಪರ್ ತೆಗೆಯದೆ ಹಾಗೇ ನೆಡಬೇಕು ಎಂದಾಗ ಅವಳು ನಕ್ಕಳು, ಆದರೂ ಹೇಳಿದಂತೆ ಮಾಡಿದಳು.

ಕಾರ್ತಿಕದಲ್ಲಿ ಅವಳು ಬುಟ್ಟಿಯ ಮೂಲೆಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಕಾಯಿ ತಂದಳು. ಸಣ್ಣವು, ನೇರಳೆ ಮೈಮೇಲೆ ಬಿಳಿ ಗೆರೆ, ತೊಟ್ಟಿಗೆ ಮುಳ್ಳು. ಆಯಿ ಒಂದೊಂದನ್ನೇ ಕೈಯಲ್ಲಿ ತಿರುಗಿಸಿ ನೋಡಿದಳು. ತೊಟ್ಟಿನ ಮುಳ್ಳು ಚುಚ್ಚಿ ಬೆರಳಿನಲ್ಲಿ ರಕ್ತದ ಚುಕ್ಕೆ ಬಂತು. ಸೆರಗಿಗೆ ಒರೆಸಿಕೊಂಡಳು.

ಅಂದು ಮಠದ ಅಡುಗೆಯವರನ್ನು ಒಲೆಯಿಂದ ಎಬ್ಬಿಸಿ ತಾನೇ ಎಣಗಾಯಿ ಮಾಡಿದಳು. ಯಾತ್ರಿಕರು ಊರಿಂದ ತಂದಿದ್ದ ಗುರೆಳ್ಳು ಇತ್ತು, ಶೇಂಗಾ ಇತ್ತು. ಕಾಯಿಯನ್ನು ನಾಲ್ಕು ಹೋಳಾಗುವಂತೆ ಸೀಳಿ, ತೊಟ್ಟು ಬಿಡದೆ, ಒಳಗೆ ಮಸಾಲೆ ತುಂಬಿದಳು. ರುಚಿ ನೋಡುವಂತಿರಲಿಲ್ಲವಲ್ಲ, ಉಪ್ಪು ಅಂದಾಜಿನಲ್ಲಿ ಹಾಕಿದಳು. ಉಪ್ಪು ಹೆಚ್ಚಾಗಿತ್ತು. ಯಾರೂ ಹೇಳಲಿಲ್ಲ. ಸ್ವಾಮಿಗಳು ಎರಡು ಸಲ ಹಾಕಿಸಿಕೊಂಡರು. ಎಲ್ಲರೂ ಎದ್ದ ಮೇಲೆ ಆಯಿ ರೊಟ್ಟಿ, ಮೊಸರು, ಚಟ್ನಿಪುಡಿ ಹಾಕಿಕೊಂಡು ಉಂಡಳು.

“ಉಪ್ಪು ಹೆಂಗಿತ್ತು?” ಎಂದು ನನ್ನನ್ನು ಕೇಳಿದಳು.

“ಸರಿ ಇತ್ತು.”

“ಸುಳ್ಳ ಹೇಳತಿ. ಎಲ್ಲಾರೂ ನೀರು ಬಹಳ ಕುಡದ್ರಿ.”

ತರಕಾರಿಯವಳು ಗಿಡದಲ್ಲೇ ಹಣ್ಣಾಗಲು ಬಿಟ್ಟು ತಂದುಕೊಟ್ಟ ಒಂದು ಕಾಯಿಯಿಂದ ಮತ್ತೆ ಬೀಜ ತೆಗೆದು ಬೂದಿಯಲ್ಲಿಟ್ಟಳು. ಮರುವರ್ಷ ಮಳೆಗೆ, ಸ್ವಾಮಿಗಳು ಕೊಟ್ಟಿದ್ದ ಕನ್ನಡ ಹಾಳೆಗಳಲ್ಲಿ ಮತ್ತೆ ಪೇಪರ್ ಕುಂಡ, ಮತ್ತೆ ಸಸಿ. ಆ ವರ್ಷ ಇನ್ನೂ ಒಂದಿಬ್ಬರು ಮುದುಕಿಯರು ಪಡಸಾಲೆಗೆ ಬಂದು ಲೋಟಕ್ಕೆ ಪೇಪರ್ ಸುತ್ತುತ್ತಾ ಕೂರುತ್ತಿದ್ದರು. ಎಲ್ಲ ಹಾಗೇ ನಡೆಯಿತು, ಆದರೆ ಬಂದ ಕಾಯಿ ಬೇರೆ. ತರಕಾರಿಯವಳು ತಂದು ಆಯಿಯ ಮುಂದೆ ಸುರಿದು ಹೇಳಿದಳು:

“ಈ ಸಾಲ್ ದೂಸರ್ ಹೋ ಗಯಲ್ ಹೌ, ಮಾಯೀ.”

ಈ ವರ್ಷ ಬೇರೆ ಆಗಿಬಿಟ್ಟಿದೆ ಎಂದು ನಾನು ಹೇಳುವ ಅಗತ್ಯವಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಕೆಲವು ದುಂಡಗೆ ಮುಷ್ಟಿಯಷ್ಟಿದ್ದವು, ಕೆಲವಕ್ಕೆ ಗೆರೆಯೇ ಇಲ್ಲ, ಒಂದೆರಡು ಹಸಿರು. ಆಯಿಗೆ ಅನುಮಾನ ಬಂತು. ಅವಳು ಸಸಿ ಅದಲುಬದಲು ಮಾಡಿದ್ದಾಳೆ ಎಂದಳು. ನಾನು ಅದನ್ನು ಹಿಂದಿಗೆ ತಿರುಗಿಸಲಿಲ್ಲ. ಆದರೆ ತರಕಾರಿಯವಳಿಗೆ ದನಿಯಿಂದಲೇ ಅರ್ಥವಾಯಿತು. ಬೇಕಾದರೆ ಹೊಲಕ್ಕೇ ಬಂದು ನೋಡಲಿ ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಮೂರನೇ ದಿನ ಆಯಿ, “ತಮ್ಮಾ, ನಾ ಆ ದಂಡಿಗೆ ಹೋಗಿ ಬರ್ತೀನಿ, ನನ್ನ ಕೂಡ ಬಾ” ಎಂದಳು.

ಇದು ಸಣ್ಣ ಮಾತಾಗಿರಲಿಲ್ಲ. ಸಾಯಲೆಂದು ಕಾಶಿಗೆ ಬಂದವರು ಊರ ಎಲ್ಲೆ ದಾಟುವುದಿಲ್ಲ. ಅದರಲ್ಲೂ ಆಚೆ ದಂಡೆ ಕಾಶಿಯಲ್ಲ. ಅಲ್ಲಿ ಸತ್ತರೆ ಕತ್ತೆಯಾಗಿ ಹುಟ್ಟುತ್ತಾರೆ ಎಂಬುದು ಅಲ್ಲಿಯ ನಾವೆಯವರಿಂದ ಹಿಡಿದು ಪಂಡಿತರವರೆಗೆ ಎಲ್ಲರೂ ಹೇಳುವ ಮಾತು. ಸ್ವಾಮಿಗಳು ಅದನ್ನೇ ಹೇಳಿದರು.

“ಗೊತ್ತೈತ್ರೀ ಅಪ್ಪಾರ” ಎಂದಳು ಆಯಿ. “ಹೊತ್ತು ಮುಣಗೂದ್ರೊಳಗ ಬರ್ತೀನಿ. ಅಷ್ಟರಾಗ ಸಾಯಂಗಿಲ್ಲ.”

“ಅದು ನಿಮ್ಮ ಕೈಯಾಗೈತೇನು?”

“ಇಲ್ರಿ. ಆದ್ರೂ ಹೋಗ್ತೀನಿ. ಆಕಿಗೆ ಮನಸ್ನ್ಯಾಗ ಕಳ್ಳಿ ಅಂದೀನಿ. ಖರೇ ಏನಂತ ನೋಡಬೇಕು.”

ಸ್ವಾಮಿಗಳು ಸ್ವಲ್ಪ ಭಸ್ಮ ಕೊಟ್ಟರು. ಆಯಿ ಹಣೆಗೆ ಹಚ್ಚಿಕೊಂಡಳು. ನಾವು ಕೇದಾರ ಘಾಟಿನಲ್ಲಿ ನಾವೆ ಹತ್ತಿದೆವು.

ಹೊಲ ದಂಡೆಯಿಂದ ಒಳಗೆ ಸಾಕಷ್ಟು ನಡೆಯಬೇಕಿತ್ತು. ಮರಳು ದಾಟಿ, ಸಾಸಿವೆ ಹೊಲಗಳ ಬದುವಿನ ಮೇಲೆ ಹೋದೆವು. ತರಕಾರಿಯವಳು ನಮ್ಮನ್ನು ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ಬಂದಳು. ಆಯಿಯ ಗಿಡಗಳು ಒಂದೇ ಸಾಲಿನಲ್ಲಿದ್ದವು. ಅದರ ಎರಡೂ ಕಡೆ ಆ ಸೀಮೆಯ ದೊಡ್ಡ ದುಂಡು ಬದನೆ. ಆಯಿ ಒಂದು ಗಿಡದ ಬುಡ ಕೆದರಿದಳು. ಪೇಪರಿನ ಒಂದು ಚೂರು ಕೈಗೆ ಬಂತು, ಅಕ್ಷರ ಇನ್ನೂ ಕಾಣುತ್ತಿತ್ತು.

“ಕನ್ನಡ ಏನು?”

“ಕನ್ನಡ.”

ಹಾಗಾದರೆ ಗಿಡಗಳು ಮಠದವೇ. ಇಡೀ ಕಾಶಿಯಲ್ಲಿ ಕನ್ನಡ ಪೇಪರಿನಲ್ಲಿ ಸಸಿ ಎಬ್ಬಿಸುವವರು ಬೇರೆ ಯಾರೂ ಇರಲಿಲ್ಲ. ನಾನು ದುಂಬಿಯ ವಿಷಯ ಹೇಳಿದೆ. ಹೋದ ವರ್ಷ ಆ ದೊಡ್ಡ ಬದನೆಯ ಹೂವಿನಿಂದ ಈ ಹೂವಿಗೆ ದುಂಬಿ ಹಾರಾಡಿದೆ, ಎರಡೂ ಕೂಡಿದ ಬೀಜವನ್ನು ನಾವೇ ತೆಗೆದಿಟ್ಟು ನಾವೇ ಹಾಕಿದ್ದೇವೆ ಎಂದೆ. ನನಗೆ ಅದು ಮೊದಲೇ ಹೊಳೆಯಬಹುದಿತ್ತು. ಪರೀಕ್ಷೆಯಲ್ಲಿ ಬರೆಯುವುದು ಮತ್ತು ಹೊಲದಲ್ಲಿ ನೆನಪಾಗುವುದು ಬೇರೆ ಬೇರೆ.

ಆಯಿ ಬದುವಿನ ಮೇಲೆ ಕೂತಳು. “ಹಂಗಾದ್ರ ಯಾರದೂ ತಪ್ಪಿಲ್ಲ” ಎಂದಳು. ತರಕಾರಿಯವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಗಲ್ಲ ಮುಟ್ಟಿ ದೃಷ್ಟಿ ತೆಗೆದು ಲಟಿಕೆ ಮುರಿದಳು. ಯಾಕೆಂದು ಅವಳಿಗೆ ಗೊತ್ತಾಯಿತೋ ಇಲ್ಲವೋ.

ಮಧ್ಯಾಹ್ನ ಆ ಮನೆಯವರು ಕುಳ್ಳಿನ ಕೆಂಡದಲ್ಲಿ ಅದೇ ಬದನೆಗಳನ್ನು ಸುಟ್ಟು, ಹಿಸುಕಿ, ಚೋಖಾ ಮಾಡಿ, ಸುಟ್ಟ ಹಿಟ್ಟಿನ ಉಂಡೆಯ ಜೊತೆ ಕೊಟ್ಟರು. ಆಯಿ ತನ್ನ ಚೋಖಾವನ್ನು ನನ್ನ ಎಲೆಗೆ ಸರಿಸಿದಳು.

“ಕಾ ಮಾಯೀ, ಛೋಡ್ ದೇಲೇ ಹಊ?” ಎಂದಳು ತರಕಾರಿಯವಳು. ಬಿಟ್ಟಿದ್ದೀಯಾ ಎಂದು. ಆಯಿ ತಲೆಯಾಡಿಸಿದಳು. ಅವಳು ಒಳಗೆ ಹೋಗಿ ಉಪ್ಪು, ಹಸಿಮೆಣಸು ತಂದಿಟ್ಟಳು.

ಬರುವಾಗ ನಾವೆ ನಡುನೀರಿನ ಮರಳುದಿಬ್ಬಕ್ಕೆ ಹತ್ತಿ ನಿಂತಿತು. ನಾವಿಕ ಇಳಿದು ದೂಡತೊಡಗಿದ. ಬಿಸಿಲು ಇಳಿಯುತ್ತಿತ್ತು. ಅದುವರೆಗೆ ಸಮಾಧಾನದಿಂದಿದ್ದ ಆಯಿ ಚಡಪಡಿಸಿದಳು.

“ಕೇಳು ಆತನ್ನ, ಈ ಉಸುಕು ಆ ದಂಡೀದೋ ಈ ದಂಡೀದೋ?”

ಕೇಳಿದೆ. ನಾವಿಕ ಹುಟ್ಟು ಊರಿಕೊಂಡು ಎರಡೂ ಕಡೆ ನೋಡಿದ. “ಬೀಚ್ ಕಾ ಹೌ” ಎಂದ. ನಡುವಿನದು.

“ನಡುವೆ ಸತ್ರ ಏನಾಗ್ತಾರಂತ?”

ನಾನೂ ಇಳಿದು ದೂಡಿದೆ. ನಾವೆ ಬಿಟ್ಟುಕೊಂಡಿತು. ಘಾಟಿನ ಮೆಟ್ಟಿಲಿಗೆ ಕಾಲಿಟ್ಟ ಮೇಲೆ ಆಯಿ ಬಹಳ ಹೊತ್ತು ಅಲ್ಲೇ ಕೂತಿದ್ದಳು.

ಆ ವರ್ಷ ಬೀಜ ತೆಗೆಯಲಿಲ್ಲ. ಶುದ್ಧ ಬೀಜ ಊರಿನಿಂದ ತರಿಸೋಣವೇ ಎಂದೆ. ಬೇಡ ಎಂದಳು. ಅದರ ಬಗ್ಗೆ ಆಕೆ ಬೇಸರಪಟ್ಟಿದ್ದು ನಾನು ಕಾಣಲಿಲ್ಲ. ಕೈ ಸುಮ್ಮನೆ ಕೂರಲಿಲ್ಲ ಅಷ್ಟೆ. ಬೇಸಿಗೆಯಲ್ಲಿ ಗಲ್ಲಿಯ ತುದಿಯಲ್ಲಿ ಬೇಲದ ಶರಬತ್ತು ಮಾರುವವನು ಬರುತ್ತಿದ್ದ. ಅಲ್ಲಿ ಬೇಲ್ ಎಂದರೆ ನಮ್ಮ ಬಿಲ್ವ. ಶಿವನಿಗೆ ಎಲೆ, ಮನುಷ್ಯರಿಗೆ ಹಣ್ಣು. ಅವನು ಸೋಸಿ ಎಸೆಯುತ್ತಿದ್ದ ಬೀಜಗಳನ್ನು ಆಯಿ ತಂದು, ಅಂಟು ಹೋಗುವಂತೆ ಬೂದಿಯಲ್ಲಿ ಉಜ್ಜಿ ತೊಳೆದಳು. ಬಿಲ್ವದ ಬೇರು ನೇರ ಕೆಳಗೆ ಇಳಿಯುತ್ತದೆ, ಲೋಟದಷ್ಟು ಕುಂಡ ಸಾಲದು. ಹೀಗಾಗಿ ದಪ್ಪ ಲಟ್ಟಣಿಗೆಗೆ ಪೇಪರ್ ಸುತ್ತಿ ಉದ್ದನೆಯ ಕುಂಡ ಮಾಡಿದಳು. ಪಡಸಾಲೆಯಲ್ಲಿ ಅವು ಸಾಲಾಗಿ ನಿಂತವು.

ಈ ಸಸಿಗಳನ್ನು ಆಕೆ ಯಾತ್ರಿಕರಿಗೆ ಕೊಡುತ್ತಿದ್ದಳು. ಕಾಶಿದಾರ, ಗಂಗೆಯ ಗಿಂಡಿ ಕಟ್ಟಿಕೊಂಡು ಬಾಗಲಕೋಟೆ, ಕೊಪ್ಪಳದ ಕಡೆಗೆ ಹೊರಟವರ ಕೈಗೆ ಒಂದೊಂದು. ಪೇಪರಿನ ಕುಂಡವಾದ್ದರಿಂದ ಭಾರವಿಲ್ಲ. ಕೊಡುವಾಗ ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು, “ಅಂಗಿ ಬಿಚ್ಚಬ್ಯಾಡ್ರಿ. ಅಂಗೀ ಸಮೇತ ನೆಲಕ್ಕ ಇಡ್ರಿ.” ಕೆಲವರು ರೈಲಿನಲ್ಲೇ ಮರೆತು ಇಳಿದರು. ಒಬ್ಬಾಕೆ ಮರುವರ್ಷ ಬಂದಾಗ, ಪೇಪರ್ ಗಲೀಜು ಕಾಣುತ್ತದೆ ಎಂದು ಸುಲಿದು ನೆಟ್ಟೆ, ಒಣಗಿತು ಎಂದಳು. ಆಯಿ ಬೈಯಲಿಲ್ಲ, ಇನ್ನೊಂದು ಕೊಟ್ಟಳು. ನರಗುಂದದ ಕಡೆಯ ಒಬ್ಬರು, ಸಸಿ ಮೊಣಕಾಲೆತ್ತರ ಆಗಿದೆ ಎಂದು ಕೈಯಿಂದ ತೋರಿಸಿದರು. ಆಯಿ ಅವರಿಗೆ ಚಹ ಮಾಡಿಸಿದಳು.

ನನ್ನ ಓದು ಮುಗಿದು ನಾನು ಹೊರಟಾಗ ಬೇಸಿಗೆ. ನನಗೂ ಒಂದು ಸಸಿ ಕೊಟ್ಟಳು. ಕಾಲು ಮುಟ್ಟಿ ನಮಸ್ಕರಿಸಿದೆ. “ಇಟಾರ್ಸಿಯಾಗ ರೈಲು ನಿಂತಾಗ ನೀರ ಹಾಕು, ಅಲ್ಲಿ ಭಾಳ ಬಿಸಿಲು” ಎಂದಳು. ಇಟಾರ್ಸಿಯಲ್ಲಿ ನೀರು ಹಾಕಿದೆ. ಊರಲ್ಲಿ ಅಪ್ಪ ಅದನ್ನು ಬಾವಿಯ ಪಕ್ಕದಲ್ಲಿ ನೆಟ್ಟರು. ಕೆಲಸ ಸಿಕ್ಕು ನಾನು ಬೇರೆ ಊರಿಗೆ ಹೋದೆ.

ನನ್ನ ಕೋಣೆಗೆ ಆಮೇಲೆ ಬಂದ ವಿದ್ಯಾರ್ಥಿಯೊಬ್ಬ ಒಂದೆರಡು ವರ್ಷದ ಮೇಲೆ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಮಾತಿನ ನಡುವೆ ಆಯಿ ತೀರಿಕೊಂಡಳು ಎಂದ. ಬೆಳಿಗ್ಗೆ ಗಂಗೆಗೆ ಹೋಗಿ ಬಂದು, ಉಂಡು, ಮಲಗಿದಾಕೆ ಏಳಲಿಲ್ಲವಂತೆ. ಬಯಸಿ ಬಂದದ್ದು ಆಕೆಗೆ ಸಿಕ್ಕಿತ್ತು. ನನಗೆ ದುಃಖವಾಯಿತೆಂದು ಹೇಳಲಾರೆ. ಕೈಯಲ್ಲಿದ್ದ ಚಹ ಆರುವವರೆಗೆ ಕುಡಿಯದೆ ನಿಂತಿದ್ದೆ.

“ಪಡಸಾಲೆಯಲ್ಲಿ ಸಸಿ ಇದ್ದವಲ್ಲ, ನೀರು ಯಾರು ಹಾಕ್ತಾರೆ?” ಎಂದು ಕೇಳಿದೆ.

ಅವನು ಯೋಚಿಸಿದ. ತಾನು ಗಮನಿಸಿಲ್ಲ, ಆದರೆ ಆಯಿ ಹೋದ ಮೇಲೆ ತಾನು ಕಾಶಿಯಿಂದ ಹೊರಡುವಾಗಲೂ ಅವು ಹಸಿರಾಗೇ ಇದ್ದವು ಎಂದ. ಅವನ ಬಸ್ಸು ಬಂತು.